ಕೆಜಾಯಾ ಸಿಪಲ್‌ಳ ಬಿಡುಗಡೆಯ ಮಸೂದೆ

"ಅಮ್ಮಾ, ಕೆಜಾಯಾ ಅತ್ತೆಗೆ ಮದುವೆ ಆಗಿದೆಯಾ, ಇಲ್ವಾ?"

ಎಫಿ ಇದನ್ನು ಕೇಳಿದ್ದು ಊಟದ ಮೇಜಿನ ಹತ್ತಿರ, ಅವರ ಮನೆಯಲ್ಲಿ ದುಡ್ಡು ಕೊಟ್ಟು ಇಳಿದುಕೊಂಡಿದ್ದ ಶಾಸನಸಭೆಯ ಸದಸ್ಯರು ಸಾಲಾಗಿ ಕೂತು ಸಿಂಪಿಯ ಸಾರಿಗೆ ಬಿಸ್ಕತ್ತು ಅದ್ದಿಕೊಳ್ಳುತ್ತಿದ್ದ ಹೊತ್ತಿನಲ್ಲಿ. ಲವೀನಿಯಾ ವಾರಿಂಗ್ಟನ್ ಒಂದು ಕೈಯಲ್ಲಿ ಸಾರಿನ ಪಾತ್ರೆ ಹಿಡಿದು, ಸೊಂಟದ ಮೇಲೆ ಹಲ್ಲು ಬರುತ್ತಿದ್ದ ಕೂಸನ್ನು ಕೂರಿಸಿಕೊಂಡು ನಿಂತಿದ್ದಳು. ಐದು ವರ್ಷದ ಮಗಳ ಬಾಯಿ ಮುಚ್ಚಿಸುವುದಕ್ಕೆ ಮೂರನೆಯ ಕೈ ಇರಲಿಲ್ಲ.

"ಒಳ್ಳೆ ಪ್ರಶ್ನೆ ಕೇಳ್ದೆ ಮರಿ," ಎಂದ ಮೆಸಿಕ್, ಮೀಸೆ ಒರೆಸಿಕೊಳ್ಳುತ್ತ. "ಅದನ್ನ ತೀರ್ಮಾನ ಮಾಡೋಕೇ ನಮ್ಮನ್ನೆಲ್ಲ ಇಲ್ಲಿ ಕೂರಿಸಿರೋದು. ನಾವು ಆಗಿದೆ ಅಂದ್ರೆ ಆಗಿದೆ, ಇಲ್ಲ ಅಂದ್ರೆ ಇಲ್ಲ."

"ಹಾಗಾದ್ರೆ ಹೇಳಿ. ಆಗಿದೆಯಾ?"

"ಮೊದ್ಲು ವಾಷಿಂಗ್ಟನ್ನಿಗೆ ಯಾರು ಹೋಗ್ತಾರೆ ಅಂತ ಗೊತ್ತಾಗ್ಲಿ. ಆಮೇಲೆ ನಿಮ್ಮತ್ತೆ ಸರದಿ."

ಮೇಜಿನ ಸುತ್ತ ನಗು ಹಬ್ಬಿತು. ತುದಿಯಲ್ಲಿ ಕೂತಿದ್ದ ಆಸ್ಬರಿ ಪೆಟಿಜಾನ್ ಒಬ್ಬ ನಗಲಿಲ್ಲ. ಕಿವಿ ಕೆಂಪಾಗಿ ತಟ್ಟೆ ನೋಡುತ್ತಿದ್ದ. ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಅಲ್ಲಿ ಮರದ ಹಲಗೆಯ ಮೇಲೆ ಓಡುತ್ತಿದ್ದ ಇಸ್ತ್ರಿಪೆಟ್ಟಿಗೆಯ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

ಆ ಕಾಲದಲ್ಲಿ ವಾಷಿಂಗ್ಟನ್ನಿನ ಸೆನೆಟರನ್ನು ಜನ ಆರಿಸುತ್ತಿರಲಿಲ್ಲ. ಆಯಾ ರಾಜ್ಯದ ಶಾಸನಸಭೆ ಆರಿಸುತ್ತಿತ್ತು. ಮೇಲ್ಮನೆ ಕೆಳಮನೆ ಎರಡೂ ಒಂದೇ ಕೋಣೆಯಲ್ಲಿ ಸೇರಬೇಕು, ದಿನಾ ಮಧ್ಯಾಹ್ನ ಗಂಟೆ ಬಾರಿಸಿದ ಮೇಲೆ ಒಬ್ಬೊಬ್ಬನ ಹೆಸರು ಕೂಗಬೇಕು, ಕರೆಸಿಕೊಂಡವನು ಎದ್ದು ನಿಂತು ತನ್ನ ಆಯ್ಕೆಯ ಹೆಸರನ್ನು ಎಲ್ಲರ ಕಿವಿಗೂ ಬೀಳುವ ಹಾಗೆ ಹೇಳಬೇಕು. ಯಾರಿಗಾದರೂ ಬಹುಮತ ಬರುವ ತನಕ ದಿನಾ ಇದೇ. ಆ ವರ್ಷ ಜನವರಿಯಲ್ಲಿ ಶುರುವಾದದ್ದು ಪೀಚ್ ಮರಗಳು ಮೊಗ್ಗು ಬಿಡುವ ಕಾಲಕ್ಕೂ ಮುಗಿದಿರಲಿಲ್ಲ. ಮೊಳೆ ಕಾರ್ಖಾನೆಯ ಸಾಹುಕಾರನೊಬ್ಬ ಸೆನೆಟರ್ ಆಗಲೇಬೇಕೆಂದು ಹೊರಟಿದ್ದ. ಅವನ ಪಕ್ಷದವರೇ ಕೆಲವರು, ಅವನ ಮುಖ ಕಂಡರಾಗದೆ, ಬೇರೆ ಯಾವನದೋ ಹೆಸರು ಹೇಳಿ ಕೂರುತ್ತಿದ್ದರು. ಎದುರು ಪಕ್ಷದವರದು ಮೂರನೆಯ ಹೆಸರು. ಯಾರೂ ಗೆಲ್ಲುತ್ತಿರಲಿಲ್ಲ, ಯಾರೂ ಸೋಲುತ್ತಿರಲಿಲ್ಲ. ಮಿಕ್ಕ ಕೆಲಸವೆಲ್ಲ, ಸೇತುವೆ, ಶಾಲೆ, ಹುಚ್ಚಾಸ್ಪತ್ರೆಯ ಸೂರು, ಎಲ್ಲ ಹಾಗೇ ಬಿದ್ದಿತ್ತು.

ಕೆಜಾಯಾ ಸಿಪಲ್‌ಳ ಮಸೂದೆಯೂ ಅಲ್ಲೇ ಬಿದ್ದಿತ್ತು. ಆ ರಾಜ್ಯದಲ್ಲಿ ಮದುವೆ ಕಟ್ಟುವುದಕ್ಕೆ ಪಾದ್ರಿ ಸಾಕು, ಬಿಚ್ಚುವುದಕ್ಕೆ ಮಾತ್ರ ಶಾಸನಸಭೆಯೇ ಬೇಕಾಗಿತ್ತು. ಒಬ್ಬೊಬ್ಬ ಹೆಂಗಸಿಗೂ ಬೇರೆಬೇರೆ ಮಸೂದೆ, ಎರಡೂ ಮನೆಗಳಲ್ಲಿ ಮೂರು ಮೂರು ಸಲ ಓದಬೇಕು.

ಅವಳು ಹುಟ್ಟಿದ್ದು ಕೊಲ್ಲಿಯ ಕಡೆಯ ಜೌಗಿನಲ್ಲಿ. ಅಪ್ಪ ನೀರಿನ ಇಲಿ ಹಿಡಿದು ಅದರ ತೊಗಲು ಮಾರುವವನು. ಮೈಗೆ ಸದಾ ಕೆಸರಿನ ವಾಸನೆ ಹತ್ತಿರುತ್ತಿದ್ದ ಆ ಮನೆಯಿಂದ ಹದಿನೇಳನೆಯ ವಯಸ್ಸಿಗೆ ಮದುವೆಯಾಗಿ ಹೊರಬಂದಾಗ ಅವಳಿಗೆ ಸ್ವರ್ಗಕ್ಕೆ ಕಾಲಿಟ್ಟಂತಾಗಿತ್ತಂತೆ. ಗಂಡ ಪರ್ನೆಲ್ ಪೀಚ್ ಹಣ್ಣು ತುಂಬುವ ಬುಟ್ಟಿ ಹೆಣೆಯುವವನು. ಅಂದವಾಗಿದ್ದ, ಮೃದುವಾಗಿ ಮಾತಾಡುತ್ತಿದ್ದ, ಊರಿನ ಯಾವ ತೋಟದವನೂ ಅವನ ಬುಟ್ಟಿ ಬಿಟ್ಟು ಬೇರೆಯವರದು ಕೊಳ್ಳುತ್ತಿರಲಿಲ್ಲ. ಆಮೇಲೆ ಪೀಚ್ ಮರಗಳಿಗೆ ಹಳದಿ ರೋಗ ಬಂತು. ಹಣ್ಣು ಕಾಲಕ್ಕೆ ಮುಂಚೆ ಕೆಂಪು ಕಲೆ ಹೊತ್ತು ಉದುರಿತು. ತೋಟಕ್ಕೆ ತೋಟವನ್ನೇ ಕಡಿದು ಸುಟ್ಟರು. ಹಣ್ಣಿಲ್ಲ ಅಂದರೆ ಬುಟ್ಟಿಯೂ ಬೇಡ. ಪರ್ನೆಲ್ ಕೂತಲ್ಲೇ ಕುಡಿಯತೊಡಗಿದ.

ಅವನು ಕೂಗಾಡುವ ಗಂಡಸಲ್ಲ. "ಕೂಗಾಡಿದ್ರೆ ಅಕ್ಕಪಕ್ಕದೋರಿಗಾದ್ರೂ ಕೇಳ್ತಿತ್ತು, ಮಿಸ್ ಲವೀನಿಯಾ," ಎಂದು ಕೆಜಾಯಾ ಒಮ್ಮೆ ಹೇಳಿದ್ದಳು, ಒಗೆದ ಹಾಸುಬಟ್ಟೆ ಹಿಂಡುತ್ತ, ಹವೆಯ ಬಗ್ಗೆ ಹೇಳುವ ಹಾಗೆ. ಅವನು ಮೆಲ್ಲಗೆ ಮಾತಾಡುತ್ತಲೇ ಹೊಡೆಯುತ್ತಿದ್ದ. ಬುಟ್ಟಿಯ ಬಳೆ ಬಡಿಯುವ ಕೊಡತಿಯಿಂದ ಅವಳ ಕುತ್ತಿಗೆಯ ಕೆಳಗಿನ ಎಲುಬು ಮುರಿದದ್ದು ಸೊಟ್ಟಗೇ ಕೂಡಿಕೊಂಡಿತ್ತು. ಇಸ್ತ್ರಿಪೆಟ್ಟಿಗೆ ಎತ್ತುವಾಗ ಅವಳ ಎಡಭುಜ ಮೊದಲು ಮೇಲೆ ಹೋಗಿ, ಕೈ ಹಿಂದಿನಿಂದ ಬರುತ್ತಿತ್ತು. ಎಫಿ ಆಟದಲ್ಲಿ ಅದನ್ನು ಅನುಕರಿಸುತ್ತಿದ್ದಳು. ಲವೀನಿಯಾ ಒಂದು ಸಲ ಕೆನ್ನೆಗೆ ಕೊಟ್ಟ ಮೇಲೆ ಬಿಟ್ಟಳು.

ಒಂದು ಚಳಿಗಾಲ ಪರ್ನೆಲ್ ಹೇಳದೆ ಕೇಳದೆ ಹೊರಟುಹೋದ. ಕೆಜಾಯಾ ಮಗಳು ಡಾರ್ಕಸ್‌ಳನ್ನು ಕರೆದುಕೊಂಡು ರಾಜಧಾನಿಗೆ ಬಂದಳು. ಊರೇನೋ ಚಿಕ್ಕದು, ಚೌಕ, ಸಭಾಭವನ, ನಾಲ್ಕಾರು ಬೀದಿ. ಆದರೆ ಸಭೆ ಕೂತಾಗ ಅಂಗಿ ಕಾಲರುಗಳಿಗೇನೂ ಬರವಿರಲಿಲ್ಲ. ಲವೀನಿಯಾಳಿಗೆ ಎಫಿ ಹುಟ್ಟಿದಾಗ ಬಟ್ಟೆ ಒಗೆಯಲೆಂದು ಬಂದವಳು ಅಲ್ಲೇ ಉಳಿದಳು, ಎಫಿಯ ಬಾಯಲ್ಲಿ ಅತ್ತೆಯಾದಳು. ಎಫಿಗೆ ಗಂಟಲು ಕಟ್ಟಿ ಉಸಿರು ಸಿಕ್ಕಿಕೊಂಡಾಗ ಕೆಟಲಿನ ಹಬೆ ಹಿಡಿದು ಕೂತವಳು ಅವಳೇ. ಲವೀನಿಯಾಳ ಗಂಡ ವಿಲ್ಬರ್ ರೈಲು ನಿಲ್ದಾಣದಲ್ಲಿ ತಂತಿ ಕೆಲಸದವನು. ಅವನು ಮನೆಯಲ್ಲಿದ್ದದ್ದಕ್ಕಿಂತ ಕೆಜಾಯಾ ಇದ್ದದ್ದೇ ಹೆಚ್ಚು. ಗಂಜಿಗೆ ಒಂದು ಚೂರು ಮೇಣ ಹಾಕಿ ಅವಳು ಇಸ್ತ್ರಿ ಮಾಡಿದ ಕಾಲರು ಗಾಜಿನ ಹಾಗೆ ಹೊಳೆಯುತ್ತಿತ್ತು. ಮೇಲ್ಮನೆ ಕೆಳಮನೆಯ ಅರ್ಧ ಕತ್ತುಗಳು ಅವಳ ಕೈಯಿಂದಲೇ ನೆಟ್ಟಗೆ ನಿಲ್ಲುತ್ತವೆ ಎಂದು ಮೆಸಿಕ್ ತಮಾಷೆ ಮಾಡುತ್ತಿದ್ದ.

ಹಿಂದಿನ ಬೇಸಗೆಯಲ್ಲಿ ಪರ್ನೆಲ್ ತಿರುಗಿ ಬಂದಿದ್ದ. ಕೊಲ್ಲಿಯ ದಂಡೆಯ ಊರೊಂದರಲ್ಲಿ ಸಿಂಪಿಯ ಚಿಪ್ಪು ಒಡೆದು ಮಾಂಸ ಬಿಡಿಸಿ ಡಬ್ಬಿಗೆ ತುಂಬುವ ಕಾರ್ಖಾನೆ ಇತ್ತು. ಒಂಬತ್ತು ವರ್ಷದ ಡಾರ್ಕಸ್‌ಳನ್ನು ಹದಿನೆಂಟು ತುಂಬುವ ತನಕ ಅಲ್ಲಿ ದುಡಿಯಲು ಬರೆದುಕೊಡುತ್ತೇನೆ ಎಂದ. ಬರೆದುಕೊಡುವ ಹಕ್ಕು ಅವನಿಗಿತ್ತು. ಮಗು ಅಪ್ಪನದು. ಶಾಸನಸಭೆ ಬಿಡುಗಡೆ ಕೊಟ್ಟು, ಆ ಮಸೂದೆಯಲ್ಲೇ 'ಮಗು ತಾಯಿಗೆ' ಎಂದು ಸೇರಿಸಿದರೆ ಮಾತ್ರ ಉಳಿಗಾಲ.

ಹಾಗಾಗಿ ಕೆಜಾಯಾ ಅರ್ಜಿ ಹಾಕಿದಳು. ಅದಕ್ಕೆ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕಿತ್ತು: ಇಂಥವಳು ಇಂಥವನಿಂದ ಇಂಥ ಕಾರಣಕ್ಕೆ ಬಿಡುಗಡೆ ಬೇಡುತ್ತಾಳೆ ಅಂತ, ಹಂದಿಕೊಬ್ಬಿನ ಜಾಹೀರಾತಿನ ಪಕ್ಕ, ವಾರ ವಾರ. ಇಗರ್ಜಿಯಲ್ಲಿ ಹೆಂಗಸರು ಸರಿದು ಕೂತರು. ಅಂಗಡಿಯವನು, "ಏನವ್ವಾ, ಪೇಪರಲ್ಲೆಲ್ಲ ಬಂದ್ಬಿಟ್ಟಿದೀಯ," ಎಂದ. ಅವಳು ನೀಲಿಪುಡಿ ಕೊಂಡು ಮನೆಗೆ ಬಂದಳು. ಮಸೂದೆಯನ್ನು ಕೈಗೆತ್ತಿಕೊಂಡವನು ಪೆಟಿಜಾನ್. ದಕ್ಷಿಣದ ಕಡೆಯ ಕಮ್ಮಾರ, ವಿಧುರ, ಕುಡಿಯದವನು, ಮೊದಲ ಸಲ ಆರಿಸಿ ಬಂದವನು, ಮೊಳೆ ಸಾಹುಕಾರನ ಪಕ್ಷದಲ್ಲಿದ್ದೂ ಅವನ ಹೆಸರು ಹೇಳದವರಲ್ಲೊಬ್ಬ. ಸಭೆಯ ಆರಂಭದಲ್ಲಿ ಇನ್ನೂ ಎಲ್ಲರಿಗೂ ಹುಮ್ಮಸ್ಸಿದ್ದಾಗ ಕೆಳಮನೆಯಲ್ಲಿ ಅದನ್ನು ದಾಟಿಸಿಯೂ ಬಿಟ್ಟ. ಮೇಲ್ಮನೆಯಲ್ಲಿ ಅದು ಸಮಿತಿಯೊಂದರ ಮೇಜಿನೊಳಗೆ ಹೋಯಿತು. ಆ ಸಮಿತಿ ಮೆಸಿಕ್‌ನದು. ಮೆಸಿಕ್ ಮೊಳೆ ಸಾಹುಕಾರನ ಬಲಗೈ.

ಪರ್ನೆಲ್ ಒಂದು ದಿನ ಹಿತ್ತಲ ಬಾಗಿಲಿಗೇ ಬಂದಿದ್ದ. ಟೋಪಿ ತೆಗೆದು ಲವೀನಿಯಾಳಿಗೆ ವಂದಿಸಿದ.

"ನ್ಯಾಯಾಧೀಶರು ಹೇಳಿದ್ರು ಮೇಡಂ, ಅರ್ಜಿ ಸಭೆ ಮುಂದಿರೋವಾಗ ಮಗೂನ ಮುಟ್ಬೇಡ ಅಂತ. ನಾನು ಕಾನೂನು ಮೀರೋನಲ್ಲ. ಸಭೆ ಏಳ್ಲಿ, ಬರ್ತೀನಿ."

ಅವನು ಹೋದ ಮೇಲೆ ಡಾರ್ಕಸ್ ಕಟ್ಟಿಗೆ ಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದಳು. ಎಫಿಯ ಜಡೆ ಬಿಚ್ಚಿ ಮತ್ತೆ ಹೆಣೆಯಲು ಕೂತಳು.

ಹೀಗೆ ಎಲ್ಲರ ಕಣ್ಣೂ ಸಭೆ ಏಳುವ ದಿನದ ಮೇಲಿತ್ತು. ದಿನಾ ಮಧ್ಯಾಹ್ನದ ಗಂಟೆ ಕೇಳಿದಾಗ ಕೆಜಾಯಾ ಇಸ್ತ್ರಿಪೆಟ್ಟಿಗೆಯನ್ನು ಒಲೆಯ ಮೇಲಿಟ್ಟು, ಸಂಜೆ ಯಾರಾದರೂ ಒಳ್ಳೆ ಮಾತು ತಂದಾರೆಂದು ಬೀದಿ ನೋಡುತ್ತಿದ್ದಳು. ದಿನಾ ಅದೇ ಮಾತು ಬರುತ್ತಿತ್ತು.

"ಇವತ್ತೇನಾಯ್ತು?" ಎಂದು ಲವೀನಿಯಾ ಕೇಳಿದರೆ ಮೆಸಿಕ್ ಕೋಟು ನೇತುಹಾಕುತ್ತ, "ನಿನ್ನೆ ಆದದ್ದೇ ಇವತ್ತೂ ಆಯ್ತಮ್ಮಾ. ಬಿಸಿಯಾಗಿ ಏನಾದ್ರೂ ಇದ್ರೆ ಕೊಡಿ," ಎನ್ನುತ್ತಿದ್ದ.

ಸಭೆಯ ಕೊನೆಯ ವಾರ ಟಿಂಡಲ್ ಎಂಬ ಮುದುಕ ಸದಸ್ಯ ಲವೀನಿಯಾಳ ಮನೆಯ ಜಗಲಿಗೆ ಬಂದ. ಎದುರು ಪಕ್ಷದವನು, ಆದರೂ ಪೆಟಿಜಾನನ ಕಡೆಯ ಊರಿನವನೇ. ಲವೀನಿಯಾ ಕೂಸಿನ ಬಟ್ಟೆ ಒಣಹಾಕುತ್ತಿದ್ದಳು. ಅವರ ಮಾತು ಹಗ್ಗದ ಆಚೆಗೆ ಕೇಳಿಸುತ್ತಿತ್ತು.

"ನಮ್ಮ ಮನೆಯೋಳು ಮಲಗಿದಾಳೆ ಆಸ್ಬರಿ. ಈ ಸಲ ಏಳೋ ಹಾಗೆ ಕಾಣಲ್ಲ. ಹೋಗ್ಬೇಕು. ನಮ್ಮೋರು ನಾನು ಹೋದ್ರೆ ಒಂದು ಓಟು ಕಮ್ಮಿ ಆಗುತ್ತೆ ಅಂತ ಬಿಡ್ತಿಲ್ಲ. ಜೋಡಿ ಆಗ್ತೀಯಾ?"

"ಅದಕ್ಯಾಕೆ ಇಷ್ಟು ಯೋಚ್ನೆ? ನೀನು ಬರೋ ತನಕ ನಾನೂ ಯಾವ ಹೆಸ್ರೂ ಹೇಳಲ್ಲ. ಹೋಗು ಮಾರಾಯ."

"ಕೊನೆ ದಿನ ಬೆಳಗಿನ ರೈಲಿಗೆ ಬಂದ್ಬಿಡ್ತೀನಿ."

"ಬಾ, ಬರದೆ ಇರು. ಇಲ್ಲೇನು ಆಗೋದಿದೆ?"

ಜೋಡಿ ಎಂದರೆ ಅಷ್ಟೇ. ಒಬ್ಬ ಊರಿಗೆ ಹೋದರೆ, ಎದುರು ಕಡೆಯ ಒಬ್ಬ ತಾನೂ ಬಾಯಿ ಮುಚ್ಚಿಕೊಂಡು ಕೂರುತ್ತೇನೆಂದು ಮಾತು ಕೊಡುವುದು. ಕಾಗದವಿಲ್ಲ, ಸಾಕ್ಷಿಯಿಲ್ಲ. ಹೆಣ್ಣು ತರುವ ಮನೆಯಿಂದ ಹಿಡಿದು ಕುದುರೆ ಮಾರುವ ಮಂದಿಯ ತನಕ ಎಲ್ಲ ಕಡೆ ಸುಳ್ಳು ಹೇಳಿ ಬಂದವನೂ ಸಭೆಯಲ್ಲಿ ಜೋಡಿ ಮುರಿದದ್ದಿಲ್ಲ. ಪೆಟಿಜಾನನ ಓಟು ಹೇಗಿದ್ದರೂ ಗೆಲ್ಲದವನೊಬ್ಬನ ಹೆಸರಿಗೆ ದಿನಾ ವ್ಯರ್ಥವಾಗುತ್ತಿತ್ತು. ಅದನ್ನು ಎರಡು ದಿನ ಕೊಟ್ಟರೆ ಅವನಿಗೇನೂ ನಷ್ಟ ಕಾಣಲಿಲ್ಲ.

ಮಾರನೆಯ ದಿನ ಮೆಸಿಕ್ ಅಡುಗೆಮನೆಗೆ ಬಂದು ಹಿಟ್ಟಿನ ಪೀಪಾಯಿಯ ಮೇಲೆ ಕೂತ. ಲವೀನಿಯಾ ಬಿಸ್ಕತ್ತಿನ ಹಿಟ್ಟನ್ನು ಹದಕ್ಕೆ ಬರಲೆಂದು ಕೊಡಲಿಯ ಹಿಂಬದಿಯಿಂದ ಬಡಿಯುತ್ತಿದ್ದಳು. ಕೆಜಾಯಾ ಕಾಲರಿಗೆ ನೀರು ಚಿಮುಕಿಸುತ್ತಿದ್ದಳು.

"ನೋಡವ್ವಾ ಕೆಜಾಯಾ," ಎಂದ. "ಲೆಕ್ಕ ಎಲ್ಲ ಕೂಡಿಬಂದಿದೆ. ಹಟ ಹಿಡಿದಿದ್ದೋರು ಒಬ್ಬೊಬ್ರೇ ಬಗ್ಗಿದಾರೆ. ನಾಳೆ ಸಾಹುಕಾರ್ರಿಗೆ ಒಂದೇ ಒಂದು ಓಟು ಕಮ್ಮಿ ಬೀಳುತ್ತೆ. ನಿಮ್ಮ ಪೆಟಿಜಾನ್ ಒಬ್ಬ ಹೂಂ ಅಂದ್ರೆ ಸೆನೆಟರ್ ಆಯ್ಕೆ ಮುಗೀತು, ಮಿಕ್ಕಿರೋ ಹೊತ್ತಲ್ಲಿ ಮೇಲ್ಮನೆ ಕೂತು ಮೇಜಿನ ಮೇಲಿರೋದನ್ನೆಲ್ಲ ದಾಟಿಸುತ್ತೆ. ನಿನ್ನದೇ ಮೊದ್ಲು. ನನ್ನ ಮಾತು."

"ಇದನ್ನ ಅವ್ರಿಗೇ ಹೇಳಿ," ಎಂದಳು ಕೆಜಾಯಾ.

"ನಾನು ಹೇಳಿದ್ರೆ ಬೈಬಲ್ ತೆಗೀತಾನೆ. ನೀನು ಕೇಳು. ಮಗೂನ ಮುಂದೆ ನಿಲ್ಸಿಕೊಂಡು ಕೇಳು."

ಕೆಜಾಯಾ ಕಾಲರನ್ನು ಮಗುಚಿ ಹಾಕಿದಳು. "ನನ್ನ ಕೆಲಸಕ್ಕೆ ಅಂತ ಬಂದ ಮನುಷ್ಯ ಅವ್ರೊಬ್ರೇ. ಅವರ ಬಾಯಿಗೆ ಬೇರೆ ಹೆಸರು ತುರುಕೋ ಕೆಲಸ ನಂಗಾಗಲ್ಲ ಮಿಸ್ಟರ್ ಮೆಸಿಕ್."

"ಹಾಗಾದ್ರೆ ನಾಡಿದ್ದು ನಿನ್ನ ಗಂಡ ಬಂದಾಗ ಅವನಿಗೂ ಹೀಗೇ ಹೇಳು," ಎಂದು ಅವನು ಎದ್ದು ಪ್ಯಾಂಟಿನ ಹಿಟ್ಟು ಕೊಡವಿಕೊಂಡು ಹೋದ.

ಕೆಜಾಯಾ ಕೇಳಲಿಲ್ಲ. ಲವೀನಿಯಾ ಕೇಳಿದಳು. ಅವಳಿಗೆ ಸೆನೆಟರ್ ಯಾರಾದರೂ ಒಂದೇ; ಮೊಳೆ ಸಾಹುಕಾರ ಹೋಗದಿದ್ದರೆ ಸಾಬೂನಿನ ಸಾಹುಕಾರ ಹೋಗುತ್ತಾನೆ. ಡಾರ್ಕಸ್‌ಳ ಬೆರಳು ಮಾತ್ರ ಅವಳ ಕಣ್ಣ ಮುಂದಿತ್ತು. ಸಿಂಪಿ ಬಿಡಿಸುವ ಮಕ್ಕಳ, ಚಿಪ್ಪಿಗೆ ಕೊಯ್ದು ಹುಣ್ಣಾದ ಬೆರಳುಗಳನ್ನು ಅವಳು ನೋಡಿದ್ದಳು. ಸಂಜೆ ಪೆಟಿಜಾನನಿಗೆ ಕಾಫಿ ಕೊಡುವಾಗ ಎದುರಿಗೇ ಕೂತು ಎಲ್ಲ ಹೇಳಿದಳು.

ಅವನು ಕಾಫಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ತಾಯಿ, ನಮ್ಮೂರ ಬೆತೆಲ್ ಇಗರ್ಜೀಲಿ ನಮ್ಮ ಜನದ ಮುಂದೆ ನಿಂತು ಹೇಳಿದೀನಿ, ಆ ಮನುಷ್ಯನ ಹೆಸರು ನನ್ನ ಬಾಯಲ್ಲಿ ಬರಲ್ಲ ಅಂತ. ಅವನು ನಮ್ಮ ಜಿಲ್ಲೇನ ಹಂದಿ ಕೊಂಡ ಹಾಗೆ ಕೊಂಡ್ಕೊಂಡಿದಾನೆ."

"ನಿಮ್ಮ ಜನ ಎರಡು ದಿನ ಬೈತಾರೆ. ಡಾರ್ಕಸ್‌ಗೆ ಒಂಬತ್ತು ವರ್ಷ ಶಿಕ್ಷೆ."

"ಕೆಜಾಯಾ ಹೇಳಿ ಕಳಿಸಿದ್ಲಾ?"

"ಇಲ್ಲ. ಅವಳಿಗೆ ಗೊತ್ತಾದ್ರೆ ನನ್ನ ಜೊತೆ ಮಾತು ಬಿಡ್ತಾಳೆ."

ಕಾಫಿ ಆರಿತು. ಅವನು ಕುಡಿಯದೆ ಎದ್ದ. ಮಾರನೆಯ ದಿನ, ಸಭೆಯ ಕೊನೆಯ ದಿನ, ತಿಂಡಿಯ ಹೊತ್ತಿಗೆ ಮುಖ ಕ್ಷೌರ ಮಾಡಿಕೊಂಡು, ಹೊಸ ಕಾಲರು ಹಾಕಿಕೊಂಡು ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ, "ಇವತ್ತು ಹೇಳ್ತೀನಿ. ಟಿಂಡಲ್ ಬೆಳಗಿನ ರೈಲಿಗೆ ಬರ್ತಾನೆ, ನನ್ನ ಬಾಯಿ ನನಗೆ ವಾಪಸ್ ಸಿಗುತ್ತೆ. ಹೇಳ್ಬಿಡ್ತೀನಿ," ಎಂದ. ಕೆಜಾಯಾ ಲವೀನಿಯಾಳ ಕಡೆ ತಿರುಗಿ ನೋಡಿದಳು. ಕೋಪಿಸಿಕೊಳ್ಳಲಿಲ್ಲ. ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಎಲ್ಲಿ ಇಡಬೇಕೆಂದು ತಿಳಿಯದವಳಂತೆ ನಿಂತಿದ್ದಳು.

ಹತ್ತು ಗಂಟೆಯ ಹೊತ್ತಿಗೆ ವಿಲ್ಬರ್ ನಿಲ್ದಾಣದಿಂದ ಓಡುತ್ತ ಬಂದ. "ರೈಲು ಬಂತು. ಟಿಂಡಲ್ ಬರ್ಲಿಲ್ಲ."

"ಮುಂದಿನ ರೈಲು?"

"ಸಂಜೆಗೆ. ಸಭೆ ಮೂರಕ್ಕೆ ಏಳುತ್ತೆ." ಅವನು ಏದುಸಿರಲ್ಲಿ ಗೋಡೆಗೆ ಒರಗಿದ. "ಮೆಸಿಕ್ ಅಲ್ಲೇ ಕೂತಿದಾನೆ, ತಂತಿ ಕಳಿಸು, ಜೋಡಿ ಬಿಡಿಸ್ಕೋಬೇಕು ಅಂತ. ಕಳಿಸ್ತಾನೇ ಇದೀನಿ. ಆ ಊರಲ್ಲಿ ತಂತಿ ಇರೋದು ಒಂದೇ ಅಂಗಡೀಲಿ. ಯಾರೂ ಉತ್ತರ ಕೊಡ್ತಿಲ್ಲ. ಅಂಗಡಿ ಮುಚ್ಚಿರ್ಬೇಕು."

ಅಂಥ ಊರಲ್ಲಿ ಹಗಲು ಹೊತ್ತು ಅಂಗಡಿ ಮುಚ್ಚುವುದು ಒಂದೇ ಕಾರಣಕ್ಕೆ. ಟಿಂಡಲ್‌ನ ಹೆಂಡತಿಗೆ ಅವತ್ತು ಮಣ್ಣು ಕೊಡುತ್ತಿದ್ದರು.

ಮಧ್ಯಾಹ್ನ ಲವೀನಿಯಾ ಕೂಸನ್ನು ಶಾಲಿನಲ್ಲಿ ಸುತ್ತಿಕೊಂಡು, ಎಫಿಯ ಕೈ ಹಿಡಿದು, ಕೆಜಾಯಾಳ ಜೊತೆ ಸಭಾಭವನದಲ್ಲಿ ಜನ ಕೂತು ನೋಡುವ ಮೇಲಿನ ಮೊಗಸಾಲೆಗೆ ಹೋದಳು. ಡಾರ್ಕಸ್‌ಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದರು. ಮೊಗಸಾಲೆ ತುಂಬಿ ಹೋಗಿತ್ತು. ಕೆಳಗೆ ಹೊಗೆಸೊಪ್ಪಿನ ಹೊಗೆ, ಕೆಮ್ಮು, ಉಗುಳುಡಬ್ಬಿಯ ಸದ್ದು. ಗುಮಾಸ್ತ ಹೆಸರು ಕೂಗತೊಡಗಿದ. ಒಬ್ಬೊಬ್ಬನೂ ಎದ್ದು ಹೇಳುತ್ತಿದ್ದ, ಕೂರುತ್ತಿದ್ದ. ನಿನ್ನೆಯವರೆಗೆ ಬೇರೆ ಹೆಸರು ಹೇಳುತ್ತಿದ್ದವರು ಮೊಳೆ ಸಾಹುಕಾರನ ಹೆಸರು ಹೇಳಿದಾಗ ಕೆಲವರು ಮೇಜು ಬಡಿದರು, ಕೆಲವರು ಸಿಳ್ಳೆ ಹಾಕಿದರು.

"ಪೆಟಿಜಾನ್."

ಅವನು ಎದ್ದ. ಟಿಂಡಲ್‌ನ ಖಾಲಿ ಕುರ್ಚಿಯ ಕಡೆ ನೋಡಿದ.

"ನಾನು ಟಿಂಡಲ್‌ರ ಜೋಡಿ," ಎಂದ. "ಅವರು ಬಂದಿಲ್ಲ."

"ಬಂದಿಲ್ಲ ಅಂದ್ರೆ ಬಿಡ್ತು, ಹೇಳಯ್ಯಾ ಹೆಸ್ರು," ಎಂದು ಯಾರೋ ಹಿಂದಿನಿಂದ ಕೂಗಿದರು.

"ಹೆಣ ಹೂಳ್ತಿರೋನ ಬೆನ್ನಿಗೆ ಚೂರಿ ಹಾಕ್ತೀರೇನ್ರೋ?" ಎಂದು ಎದುರು ಕಡೆಯಿಂದ ಇನ್ನೊಬ್ಬ ಎದ್ದ. ಸಭಾಪತಿ ಸುತ್ತಿಗೆ ಬಡಿದ. ಪೆಟಿಜಾನ್ ಕೂತ.

ಒಂದು ಓಟು ಕಮ್ಮಿ ಬಿತ್ತು. ಮತ್ತೆ ಹೆಸರು ಕೂಗಿದರು. ಮತ್ತೆ ಸಾಲಲಿಲ್ಲ. ಪ್ರತಿ ಸುತ್ತಿಗೂ ಪೆಟಿಜಾನ್ ಎದ್ದು ಅದೇ ಮಾತು ಹೇಳಿ ಕೂತ, ಪ್ರತಿ ಸಲವೂ ದನಿ ಇನ್ನಷ್ಟು ಇಳಿಯಿತು. ಮೆಸಿಕ್ ಬಾಗಿಲಿಗೂ ಕುರ್ಚಿಗೂ ಓಡಾಡುತ್ತಿದ್ದ. ನಿಲ್ದಾಣದಿಂದ ಯಾರೂ ಬರಲಿಲ್ಲ. ಲವೀನಿಯಾಳಿಗೆ ಕೆಳಗಿಳಿದು ಹೋಗಿ ಆ ಮನುಷ್ಯನ ಭುಜ ಹಿಡಿದು ಅಲ್ಲಾಡಿಸಬೇಕೆನಿಸಿತು. ಅವನು ಮಾತು ಮುರಿದಿದ್ದರೆ ಆ ಕೋಣೆಯಲ್ಲಿ ಮತ್ತೆ ಯಾರೂ ಅವನ ಕೈಗೆ ಕುದುರೆಯ ಲಗಾಮನ್ನೂ ಕೊಡುತ್ತಿರಲಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಕೂಸು ಅಳತೊಡಗಿತು. ಶಾಲಿನ ಮರೆಯಲ್ಲಿ ಎದೆಗೆ ಹಾಕಿಕೊಂಡಳು.

ಕೆಜಾಯಾ ಕಟಕಟೆ ಹಿಡಿದು ಬಗ್ಗಿ ನೋಡುತ್ತಿದ್ದಳು.

"ಕಾಲರು ಬೆವರಿಗೆ ಮಡಿಚಿಕೊಂಡ್ಬಿಟ್ಟಿದೆ," ಎಂದಳು. "ಪಾಪ. ಕುತ್ತಿಗೆ ಕೊರೀತಿರುತ್ತೆ."

"ಅತ್ತೆ, ಈಗ ಗೊತ್ತಾಯ್ತಾ?" ಎಂದು ಎಫಿ ಅವಳ ಲಂಗ ಎಳೆದಳು.

"ಇನ್ನೂ ಇಲ್ಲ ಕಂದಾ."

ಮೂರು ಹೊಡೆದಾಗ ಸಭಾಪತಿ ಸುತ್ತಿಗೆ ಬಡಿದು, ಸಭೆ ಮುಗಿಯಿತು, ಮುಂದಿನ ದಿನ ಗೊತ್ತುಪಡಿಸಿಲ್ಲ ಎಂದ. ಹಾಗೆಂದರೆ ಸಭೆ ಮತ್ತೆ ಕೂರುವುದು ಎರಡು ವರ್ಷಕ್ಕೆ. ಸೆನೆಟರ್ ಇಲ್ಲ, ವಾಷಿಂಗ್ಟನ್ನಿನಲ್ಲಿ ಆ ರಾಜ್ಯದ ಕುರ್ಚಿ ಖಾಲಿಯೇ ಇರಲಿ. ಮೇಜಿನ ಮೇಲಿದ್ದ ಮಸೂದೆಗಳೆಲ್ಲ ಆ ಗಳಿಗೆಗೇ ಸತ್ತವು. ಕೆಳಗೆ ಸದಸ್ಯರು ಪದ್ಧತಿಯಂತೆ ಕಾಗದದ ಕಟ್ಟುಗಳನ್ನು ಮೇಲಕ್ಕೆಸೆದು, ಒಬ್ಬರ ಟೋಪಿ ಇನ್ನೊಬ್ಬರು ಕಿತ್ತುಕೊಂಡು, ಹಾಡು ಹೇಳತೊಡಗಿದರು. ಇಷ್ಟು ಹೊತ್ತು ಒಬ್ಬರ ಗಂಟಲು ಒಬ್ಬರು ಹಿಡಿಯಹೊರಟಿದ್ದವರೂ ತೋಳಿಗೆ ತೋಳು ಹಾಕಿದ್ದರು. ಎಫಿಗೆ ಅದು ಬಹಳ ಹಿಡಿಸಿತು. ಗಾಳಿಯಲ್ಲಿ ಹಾರುತ್ತಿದ್ದ ಹಾಳೆಗಳಿಗೆ ಕೈ ಚಾಚಿ ನಗುತ್ತಿದ್ದಳು.

ಪೆಟಿಜಾನ್ ಸಂಜೆಯ ರೈಲಿಗೆ ಮೊದಲು ಅಡುಗೆಮನೆಗೆ ಬಂದ. ಕೆಜಾಯಾ ಅವನ ಅಂಗಿಗಳನ್ನು ಮಡಿಸಿ ದಾರ ಕಟ್ಟಿ ಇಟ್ಟಿದ್ದಳು.

"ನನ್ನ ಬೈದ್ಬಿಡು ಕೆಜಾಯಾ."

"ಯಾಕೆ ಬೈಲಿ? ನೀವು ಕೊಟ್ಟ ಮಾತು. ಆ ಮುದುಕ ಹೆಂಡ್ತೀನ ಮಣ್ಣು ಮಾಡಿ ಬರೋ ಹೊತ್ತಿಗೆ ನೀವು ಮೋಸ ಮಾಡಿದೀರಿ ಅಂತ ಕೇಳ್ಬೇಕಿತ್ತಾ?"

"ಮುಂದಿನ ಸಭೆ ಮೊದಲನೇ ದಿನ, ಮೊದಲನೇ ಮಸೂದೆ ನಿಂದು. ದೇವರಾಣೆ. ನೀನು ಏನೂ ಮಾಡೋದು ಬೇಡ, ಪ್ರಕಟಣೆ ಗಿಕಟಣೆ ಎಲ್ಲ ನಾನೇ ಕೊಡಿಸ್ತೀನಿ. ಯಾರು ಅಡ್ಡ ಬಂದ್ರೂ ಬಿಡಲ್ಲ."

ಅವಳು ತಲೆಯಾಡಿಸಿ ಗಂಟನ್ನು ಅವನ ಕೈಗಿಟ್ಟಳು. ಅವನು ಹೋದ ಮೇಲೆ ಲವೀನಿಯಾ ಬಾಗಿಲು ಹಾಕಿದಳು.

"ಓಡಿಹೋಗು ಕೆಜಾಯಾ. ಬೆಳಗಿನ ರೈಲಿಗೆ ವಿಲ್ಬರ್ ಹತ್ತಿಸ್ತಾನೆ. ಫಿಲಡೆಲ್ಫಿಯಾದಲ್ಲಿ ನಮ್ಮ ಚಿಕ್ಕಮ್ಮ ಇದಾಳೆ."

"ಅಲ್ಲಿ ಮಗು ಅಪ್ಪಂದಲ್ವಾ?"

ಲವೀನಿಯಾ ಬಾಗಿಲ ಅಗುಳಿಯನ್ನು ಇನ್ನೊಮ್ಮೆ ಒತ್ತಿ ನೋಡಿದಳು.

"ಹುಡುಕಿ ಬರ್ತಾನೆ. ಆಮೇಲೆ ಅವಳನ್ನ ಕರ್ಕೊಂಡ್ಹೋದ್ರೆ ಎಲ್ಲಿಗೆ ಅಂತಾನೂ ನಂಗೆ ಹೇಳಲ್ಲ. ಈಗ ಜೊತೇಲಿ ಹೋದ್ರೆ ಕಣ್ಣಳತೇಲಾದ್ರೂ ಇರ್ತಾಳೆ. ಆ ಕಾರ್ಖಾನೇಲಿ ಹೆಂಗಸ್ರನ್ನೂ ತಗೋತಾರಂತೆ. ಅವಳ ಪಕ್ಕದಲ್ಲೇ ನಿಂತು ಬಿಡಿಸ್ತೀನಿ. ಗಟ್ಟಿ ಚಿಪ್ಪೆಲ್ಲ ನಾನು ತಗೋತೀನಿ."

"ಅವನ ಜೊತೆ ಮತ್ತೆ ಸಂಸಾರ ಮಾಡ್ತೀಯಾ?"

"ಮದುವೆ ಆಗಿದೆಯಲ್ಲ, ಮಿಸ್ ಲವೀನಿಯಾ."

ಬೆಳಗ್ಗೆ ಪರ್ನೆಲ್ ಬಾಡಿಗೆ ಗಾಡಿಯೊಂದಿಗೆ ಬಂದ. ಕ್ಷೌರ ಮಾಡಿಕೊಂಡಿದ್ದ, ಡಾರ್ಕಸ್‌ಗೆಂದು ಕಾಗದದ ಪೊಟ್ಟಣದಲ್ಲಿ ಪೆಪ್ಪರಮಿಂಟು ತಂದಿದ್ದ. ಹೆಂಡತಿಯೂ ಬರುತ್ತಾಳೆಂದು ತಿಳಿದಾಗ ಅವನಿಗೆ ಆಶ್ಚರ್ಯವಾಗಲಿಲ್ಲ. "ಒಳ್ಳೇದಾಯ್ತು," ಎಂದ ಮೃದುವಾಗಿ. "ನೀನು ಪೇಪರಲ್ಲಿ ನನ್ನ ಹೆಸರು ಹಾಕ್ಸಿದ್ದೆ. ದಾರೀಲಿ ಅದರ ಬಗ್ಗೆ ಮಾತಾಡೋಣ." ಡಾರ್ಕಸ್ ಪೊಟ್ಟಣ ಹಿಡಿದುಕೊಂಡೇ ಗಾಡಿ ಹತ್ತಿದಳು, ಬಿಚ್ಚಲಿಲ್ಲ. ಎಫಿ ಒಂದು ಪೆಪ್ಪರಮಿಂಟು ಕೊಡು ಅಂದಾಗ ಪೊಟ್ಟಣವನ್ನೇ ಅವಳ ಕೈಗೆ ಹಾಕಿದಳು.

ಲವೀನಿಯಾ ಬಿಸ್ಕತ್ತು, ಒಣಗಿಸಿದ ಹಂದಿಮಾಂಸ, ಒಂದು ಸೀಸೆ ಪೀಚ್ ಮುರಬ್ಬ, ತನ್ನ ಹಳೆಯ ಉಣ್ಣೆಯ ಕೈಗವಸು ಎಲ್ಲ ಸೇರಿಸಿ ಗಂಟು ಕಟ್ಟಿದ್ದಳು. ಅತ್ತರೆ ಎಫಿಯೂ ಅಳುತ್ತಾಳೆಂದು ಕೂಸಿನ ಬೆನ್ನು ತಟ್ಟುತ್ತ ನಿಂತಿದ್ದಳು. ಪರ್ನೆಲ್ ಕುದುರೆಯ ಪಟ್ಟಿ ಬಿಗಿಯಲು ಮುಂದೆ ಹೋದಾಗ ಕೆಜಾಯಾ ಗಂಟು ತೆಗೆದುಕೊಳ್ಳುವ ನೆಪದಲ್ಲಿ ಹತ್ತಿರ ಬಂದಳು.

"ಒಂದು ಉಪಕಾರ ಮಾಡ್ತೀರಾ?"

"ಹೇಳು. ಏನು ಬೇಕಾದ್ರೂ ಹೇಳು."

"ಮಿಸ್ಟರ್ ಪೆಟಿಜಾನ್ ಎರಡು ವರ್ಷ ಆದ್ಮೇಲೆ ಮತ್ತೆ ಬಂದು ನಿಮ್ಮನೇಲೇ ಇಳ್ಕೋತಾರೆ. ನನ್ನ ಮಸೂದೆ ಎತ್ತೋಕೆ ಬಿಡ್ಬೇಡಿ. ಪೇಪರಿಗೆ ಕೊಡೋಕೆ ಬಿಡ್ಬೇಡಿ. ಇವನಿಗೆ ಓದೋಕೆ ಬರುತ್ತೆ, ಪ್ರತಿವಾರ ಓದ್ತಾನೆ. ಇನ್ನೊಂದ್ಸಲ ಅದರಲ್ಲಿ ಹೆಸರು ನೋಡಿದ್ರೆ ಅಲ್ಲಿ ನನ್ನ ಹತ್ರ ನೀವೂ ಇರಲ್ಲ, ಯಾರೂ ಇರಲ್ಲ." ಅವಳು ಗಾಡಿಯ ಕಡೆ ಒಮ್ಮೆ ನೋಡಿ ದನಿ ಇನ್ನಷ್ಟು ತಗ್ಗಿಸಿದಳು. "ಅವರು ದೇವರಾಣೆ ಇಟ್ಟಿದಾರೆ. ಸುಮ್ನೆ ಬೇಡ ಅಂದ್ರೆ ಕೇಳಲ್ಲ. ಕೆಜಾಯಾ ಸತ್ತುಹೋದ್ಲು ಅಂತ ಹೇಳ್ಬಿಡ್ತೀರಾ?"